ಮೆಲ್ಲಗೆ ಬಂದ ಇಟ್ಟಿಗೆ

ಅವನನ್ನು ಎಲ್ಲರೂ ಕವಣೆ ಎಂದೇ ಕರೆಯುತ್ತಿದ್ದರು. ಕಟ್ಟಡದ ಕೆಲಸದಲ್ಲಿ ನೆಲದ ಮೇಲೆ ನಿಂತು, ಮೇಲೆ ಗೋಡೆಯುದ್ದಕ್ಕೂ ಕಟ್ಟಿದ ಸಾರುವೆಯ ಹಲಗೆಯ ಮೇಲೆ ನಿಂತವನ ಕೈಗೆ ಇಟ್ಟಿಗೆ ಎಸೆಯುವುದು ಅವನ ಕಸುಬು. ಏಣಿ ಹತ್ತಿ ಹೊತ್ತು ಹಾಕುವವರು ಇಡೀ ದಿನ ಮಾಡುವ ಕೆಲಸವನ್ನು ಅವನು ಬೆಳಗಿನ ಚಹಾ ಆರುವುದರೊಳಗೆ ಮುಗಿಸುತ್ತಿದ್ದ ಎನ್ನುತ್ತಾರೆ. ಚಹಾ ಎಷ್ಟು ದೊಡ್ಡ ಹಂಡೆಯಲ್ಲಿತ್ತು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅವನ ಇಟ್ಟಿಗೆಯ ಮೇಲೆ ಕೂತ ಗುಬ್ಬಚ್ಚಿಯೊಂದು ರೆಕ್ಕೆ ಬಿಚ್ಚುವ ತಂಟೆಗೇ ಹೋಗದೆ ಮೊದಲ ಮಹಡಿ ತಲುಪಿತಂತೆ. ಒಮ್ಮೆ ಸಿಟ್ಟಿನಲ್ಲಿ ಎಸೆದ ಇಟ್ಟಿಗೆ ಇನ್ನೂ ಕೆಳಗೆ ಬಂದಿಲ್ಲವಂತೆ. ಗುಡುಗು ಕೇಳಿದಾಗಲೆಲ್ಲ "ಹೋ, ನಮ್ಮ ಕವಣೆದು ಯಾವುದಕ್ಕೋ ತಾಗಿತು" ಎಂದು ಮೇಸ್ತ್ರಿ ಆಕಾಶ ನೋಡುತ್ತಿದ್ದ. ಇದರಲ್ಲಿ ಅರ್ಧ ಸುಳ್ಳು. ಉಳಿದರ್ಧ ನಿಜವೇ ಎಂದು ಕೇಳಬಾರದು.

ಪೂರ್ತಿ ನಿಜವಾದದ್ದು ಒಂದಿತ್ತು. ಅವನ ಇಟ್ಟಿಗೆ ಎಂದೂ ಜಾಗ ತಪ್ಪುತ್ತಿರಲಿಲ್ಲ.

ಮೇಲಕ್ಕೆಸೆದ ಇಟ್ಟಿಗೆಗೆ ಎರಡು ಬುದ್ಧಿ. ಮುಂದಕ್ಕೆ ಹೋಗುವುದು ಒಂದು, ಮೇಲಕ್ಕೆ ಹೋಗುವುದು ಇನ್ನೊಂದು. ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಮುಂದಕ್ಕೆ ಹೋಗುವುದು ದಣಿಯುವುದಿಲ್ಲ. ಕೈ ಬಿಟ್ಟಾಗ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ, ಕಚೇರಿ ಮುಗಿಸಿ ಮನೆಗೆ ಹೊರಟ ಗುಮಾಸ್ತನ ನಡಿಗೆಯ ಹಾಗೆ. ಮೇಲಕ್ಕೆ ಹೋಗುವುದು ಮಾತ್ರ ಹೊರಟ ಗಳಿಗೆಯಿಂದಲೇ ಸೋಲುತ್ತ ಬರುತ್ತದೆ, ಏಕೆಂದರೆ ನೆಲ ಅದರ ಸೆರಗು ಹಿಡಿದು ಎಳೆಯುತ್ತಲೇ ಇರುತ್ತದೆ. ಕೊನೆಗೆ ಒಂದು ಕಡೆ, ಏರುವುದು ಮುಗಿದು ಇಳಿಯುವುದು ಇನ್ನೂ ಶುರುವಾಗದ ಕಡೆ, ರೆಪ್ಪೆ ಬಡಿಯುವಷ್ಟು ಹೊತ್ತು ಅದು ಸುಮ್ಮನೆ ತೇಲುತ್ತದೆ. ಆ ಗಳಿಗೆಯಲ್ಲಿ ಹಿಡಿದರೆ ಇಟ್ಟಿಗೆ ಹೂವು. ಅದಕ್ಕೆ ಮೊದಲೇ ಕೈಯೊಡ್ಡಿದರೆ ಅಂಗೈಗೆ ಗುದ್ದು, ತಡವಾದರೆ ಮಣಿಕಟ್ಟಿಗೆ ಜಗ್ಗು. ಕವಣೆಯ ಇಟ್ಟಿಗೆ ಹೂವಾಗುತ್ತಿದ್ದದ್ದು ಯಾವಾಗಲೂ ಒಂದೇ ಕಡೆ: ಮೇಲೆ ನಿಂತ ತಮ್ಮನ ಎದೆಯ ಮುಂದೆ, ಒಂದು ಗೇಣಿನಾಚೆ.

ಹಿಡಿಯುವವನು ಅವನ ಒಡಹುಟ್ಟಿದ ತಮ್ಮ. ಅವನನ್ನು ಗೂಡು ಎನ್ನುತ್ತಿದ್ದರು. ಸಂಜೆ ಹಕ್ಕಿಗಳು ಗೂಡಿಗೆ ಬರುವ ಹಾಗೆ ಇಟ್ಟಿಗೆಗಳು ಅವನ ಎರಡು ಅಂಗೈಯೊಳಗೆ ಬಂದು ಕೂರುತ್ತಿದ್ದವು. ಅವನು ಸೊಂಟ ತಿರುಗಿಸಿ ಪಕ್ಕಕ್ಕೆ ಪೇರಿಸುತ್ತಿದ್ದ, ಮತ್ತೆ ತಿರುಗುವಷ್ಟರಲ್ಲಿ ಮುಂದಿನದು ಬಂದಿರುತ್ತಿತ್ತು. ಎಸೆಯುವಾಗ ಕವಣೆ ಹೊಟ್ಟೆಯೊಳಗಿಂದ "ಹೂಂ" ಎನ್ನುತ್ತಿದ್ದ. ಹೂಂ, ಇಟ್ಟಿಗೆ, ಹೂಂ, ಇಟ್ಟಿಗೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹೀಗೆ ನೋಡುತ್ತ ನಿಂತವನೊಬ್ಬ ತನ್ನ ಮದುವೆಗೇ ತಡವಾಗಿ ಹೋದ ಎಂಬ ಮಾತೂ ಇದೆ. ಹುಡುಗಿ ಅಷ್ಟರಲ್ಲಿ ಮನಸ್ಸು ಬದಲಾಯಿಸಿ ಬದುಕಿಕೊಂಡಳಂತೆ.

ಇಷ್ಟಾಗಿಯೂ ಅಣ್ಣ ತಮ್ಮಂದಿರಿಗೆ ಎಷ್ಟೋ ವರ್ಷಗಳಿಂದ ಮಾತಿರಲಿಲ್ಲ.

ಜಗಳಕ್ಕೆ ಕಾರಣವಾದದ್ದು ಆಸ್ತಿಯಲ್ಲ, ಹೆಂಗಸರೂ ಅಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಮೇಸ್ತ್ರಿ ಸುಮ್ಮನಿರಲಾರದೆ ಕೇಳಿದ: "ಅಲ್ಲಪ್ಪಾ, ನಿಮ್ಮಿಬ್ಬರಲ್ಲಿ ದೊಡ್ಡ ಕೆಲಸಗಾರ ಯಾರು? ಎಸೆಯೋನೋ, ಹಿಡಿಯೋನೋ?"

ಹತ್ತಾರು ಜನ ತುತ್ತು ನಿಲ್ಲಿಸಿ ನೋಡಿದರು. ಕವಣೆಗೆ ಜನ ಕಂಡರೆ ನಾಲಗೆ ನಿಲ್ಲುತ್ತಿರಲಿಲ್ಲ. "ಇದೇನು ಕೇಳೋ ಮಾತಾ?" ಎಂದ. "ನಾನು ಎಸೆದರೆ ಕುರುಡನೂ ಹಿಡೀತಾನೆ!"

ಎಲ್ಲರೂ ನಕ್ಕರು. ಗೂಡು ನಗಲಿಲ್ಲ. ಬುತ್ತಿಯ ಮುಚ್ಚಳ ಹಾಕಿ ಎದ್ದುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮಾಷೆಗೆ ಅಂದದ್ದು ಎಂದು ಆ ಸಂಜೆಯೇ ಹೇಳಿದ್ದರೆ ಮುಗಿಯುತ್ತಿತ್ತೇನೋ. ಆದರೆ ತಮ್ಮನೇ ಬರಲಿ ಎಂದು ಅಣ್ಣ ಕಾದ, ಅಣ್ಣನೇ ಕರೆಯಲಿ ಎಂದು ತಮ್ಮ ಕಾದ. ಕಾಯುವುದರಲ್ಲಿ ಇಬ್ಬರೂ ತಾಯಿಯನ್ನು ಹೋತವರು. ಆಕೆ ಹಾಲು ಉಕ್ಕುವವರೆಗೆ ಅಲ್ಲ, ಹಸು ಹುಟ್ಟುವವರೆಗೂ ಕಾಯಬಲ್ಲವಳಾಗಿದ್ದಳು.

ಕೆಲಸ ಮಾತ್ರ ನಿಲ್ಲಲಿಲ್ಲ. ಅವನ ಎಸೆತ ಇನ್ನೊಬ್ಬನಿಗೆ ಹೊಂದದು, ಇವನ ಹಿಡಿತ ಮತ್ತೊಬ್ಬನಿಗೆ ಒಗ್ಗದು. ಹೇಳಲೇಬೇಕಾದ ಮಾತಿದ್ದರೆ ಕವಣೆ ಪಕ್ಕದ ಮರಳಿನ ಗುಡ್ಡೆಗೆ ಹೇಳುತ್ತಿದ್ದ.

"ಏನಪ್ಪಾ ಮರಳು, ಇವತ್ತಿನ ಇಟ್ಟಿಗೆ ಒದ್ದೆ ಇದೆ, ಭಾರ ಜಾಸ್ತಿ. ಮೇಲಿನೋರಿಗೆ ಗೊತ್ತಿರಲಿ."

ಮೇಲಿಂದ ಗೂಡು ಸಾರುವೆಯ ಕಂಬಕ್ಕೆ ಉತ್ತರ ಕೊಡುತ್ತಿದ್ದ. "ಕಂಬಣ್ಣಾ, ನಾವೇನು ನಿನ್ನೆ ಮೊನ್ನೆ ಹುಟ್ಟಿದೋರಲ್ಲ ಅಂತ ಕೆಳಗಿನೋರಿಗೆ ಹೇಳಿಬಿಡು."

ಆ ಮರಳಿಗೂ ಆ ಕಂಬಕ್ಕೂ ಬಾಯಿ ಬಂದಿದ್ದರೆ ಊರಿನ ಅರ್ಧ ಜಗಳ ಅವೇ ಬಗೆಹರಿಸುತ್ತಿದ್ದವು, ಅಷ್ಟು ಅನುಭವ ಅವಕ್ಕೆ. ಮನೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಎರಡೂ ಸಂಸಾರ. ವಾರಗಿತ್ತಿಯರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ನಗುನಗುತ್ತ ಮಾತಾಡುತ್ತಿದ್ದರು. ಗಂಡಂದಿರು ಬಂದರೆ ಇಬ್ಬರೂ ಬಾಯಿ ಮುಚ್ಚಿಕೊಂಡು ಬಟ್ಟೆಯನ್ನು ಜೋರಾಗಿ ಬಡಿಯುತ್ತಿದ್ದರು.

ಹೀಗೇ ಕಾಲ ಹೋಯಿತು. ಒಂದು ಬೆಳಿಗ್ಗೆ, ಎರಡು ಮಹಡಿಯ ಒಂದು ಶಾಲೆಯ ಕೆಲಸ ನಡೆಯುತ್ತಿದ್ದಾಗ, ಕವಣೆ ಇಟ್ಟಿಗೆ ಎತ್ತಿ "ಹೂಂ" ಎಂದ. ಎಂದವನು ಎಸೆಯಲಿಲ್ಲ. ಕೈಯೊಳಗೇ ಅದು ಬಿರುಕು ಬಿಟ್ಟದ್ದು ಗೊತ್ತಾಗಿ ಪಕ್ಕಕ್ಕೆ ಹಾಕಿದ. ಹಾಕಿ ಮೇಲೆ ನೋಡಿದ.

ತಮ್ಮನ ಎರಡು ಕೈ ಗಾಳಿಯಲ್ಲಿ ಮುಚ್ಚಿಕೊಂಡವು. ಬರದ ಇಟ್ಟಿಗೆಯನ್ನು ಅವು ಹಿಡಿದವು. ಸೊಂಟ ಅರ್ಧ ತಿರುಗಿತು, ಆಮೇಲೆ ನಿಂತಿತು. ಬೆರಳುಗಳು ಒಂದನ್ನೊಂದು ತಡವಿ ನೋಡಿಕೊಂಡವು. ಗೂಡು ಗಡಬಡಿಸಿ ಅಂಗೈಗಳನ್ನು ಉಜ್ಜಿಕೊಂಡ, ಬೇಕೆಂದೇ ಹಾಗೆ ಮಾಡಿದವನಂತೆ. ಅವನ ಮುಖ ಮಾತ್ರ ದೂರದ ಒಂದು ಮರದ ಕಡೆಗಿತ್ತು.

ಮಧ್ಯಾಹ್ನ ಕವಣೆ ದೂರ ಕೂತು ನೋಡಿದ. ತಮ್ಮ ಲೋಟದ ಅಂಚಿಗೆ ಬೆರಳಿಟ್ಟು ನೀರು ಬಗ್ಗಿಸಿಕೊಳ್ಳುತ್ತಿದ್ದ, ನೀರು ಬೆರಳಿಗೆ ತಾಗಿದಾಗ ನಿಲ್ಲಿಸುತ್ತಿದ್ದ. ಏಣಿ ಹತ್ತುವಾಗ ಪ್ರತಿ ಮೆಟ್ಟಿಲನ್ನೂ ಕಾಲ್ಬೆರಳಿನಿಂದ ಮಾತಾಡಿಸುತ್ತಿದ್ದ. ಅವನು ಇಟ್ಟಿಗೆ ಹಿಡಿಯುತ್ತಿದ್ದದ್ದು ಕಣ್ಣಿನಿಂದ ಅಲ್ಲ. ಕೆಳಗಿನ "ಹೂಂ" ಕೇಳಿ, ಅಷ್ಟು ಹೊತ್ತು ಬಿಟ್ಟು, ಯಾವಾಗಲೂ ಬರುವ ಜಾಗಕ್ಕೆ ಕೈಯೊಡ್ಡುತ್ತಿದ್ದ. ಅಣ್ಣನ ಇಟ್ಟಿಗೆ ಅಲ್ಲಿಗೇ ಬರುತ್ತದೆ ಎಂಬುದೊಂದೇ ಅವನ ಕಣ್ಣು.

ಸಂಜೆ ಹೆಂಡತಿ ರೊಟ್ಟಿ ತಟ್ಟುತ್ತಿದ್ದಾಗ ಕವಣೆ ಬಾಗಿಲಲ್ಲಿ ಕೂತು ಹೇಳಿದ: "ಅವನಿಗೆ ಕಣ್ಣು ಕಾಣ್ತಾ ಇಲ್ಲ ಕಣೇ."

"ಯಾರಿಗೆ?"

"ಇನ್ಯಾರಿಗೆ. ಗೋಡೆ ಆಚೆಯವನಿಗೆ."

ಅವಳ ಕೈ ನಿಂತಿತು. "ನಂಗೂ ಅನುಮಾನ ಇತ್ತು. ಮೊನ್ನೆ ನನ್ನನ್ನ ತನ್ನ ಹೆಂಡ್ತಿ ಅಂದ್ಕೊಂಡು ಟವೆಲ್ ಕೊಡೇ ಅಂದ. ಹೋಗಿ ಹೇಳ್ರೀ. ಕೆಳಗಿಳಿ ಅಂತ ಹೇಳಿ."

"ಹೇಳಿದರೆ ಮೇಸ್ತ್ರಿ ನಾಳೆನೇ ಮನೆಗೆ ಕಳಿಸ್ತಾನೆ. ಈ ವಯಸ್ಸಲ್ಲಿ, ಈ ಕಣ್ಣಿಟ್ಕೊಂಡು, ಬೇರೆ ಏನು ಮಾಡ್ತಾನೆ?"

"ಮೇಸ್ತ್ರಿಗೆ ಹೇಳಬೇಡಿ. ಅವನಿಗೆ ಹೇಳಿ. ಬಿದ್ದರೆ ಏನ್ರೀ ಗತಿ?"

ಕವಣೆ ತಲೆ ಅಲ್ಲಾಡಿಸಿದ. "ಇಷ್ಟು ವರ್ಷ ಆದಮೇಲೆ ಮೊದಲನೇ ಮಾತು ಏನಂತ ಆಡ್ಲಿ? ನಿನಗೆ ಕಣ್ಣಿಲ್ಲ ಅಂತಲಾ? ಅದೇ ಮಾತಿಂದಲ್ವೇನೇ ಇಷ್ಟೆಲ್ಲ ಆಗಿದ್ದು!"

ಅವಳು ಬಾಡಿದ ಅವನ ಮುಖ ನೋಡಿ ಹಂಚಿನ ಕಡೆ ತಿರುಗಿದಳು. "ಹಾಗಾದ್ರೆ ಕೈ ತಪ್ಪದ ಹಾಗೆ ನೋಡ್ಕೊಳ್ಳಿ," ಎಂದಳು ಅಷ್ಟೇ.

ಅವನ ಕೈ ತಪ್ಪಲಿಲ್ಲ. ಇಷ್ಟು ಕಾಲ ಹಾಡಿಕೊಂಡು ಎಸೆಯುತ್ತಿದ್ದವನು ಈಗ ತುಂಬಿದ ಕೊಡ ಹೊತ್ತವರ ಹಾಗೆ ಎಸೆಯತೊಡಗಿದ. ಬೀಡಿ ಬಿಟ್ಟ, ಕೆಮ್ಮು ಬಂದರೆ ಎಸೆತ ಕೆಡುತ್ತದೆ ಎಂದು. ಸೀನು ಬಂದರೆ ನುಂಗುತ್ತಿದ್ದ. ಆ ದಿನಗಳಲ್ಲಿ ಅವನು ನುಂಗಿದ ಸೀನುಗಳನ್ನೆಲ್ಲ ಒಟ್ಟಿಗೆ ಬಿಟ್ಟಿದ್ದರೆ ಕಟ್ಟಡವೇ ಪಕ್ಕದ ಬೀದಿಗೆ ಹೋಗುತ್ತಿತ್ತು. "ಹೂಂ" ಎನ್ನುವುದನ್ನು ಮೊದಲಿಗಿಂತ ಜೋರಾಗಿ ಎಂದ. ನಿದ್ದೆಯಲ್ಲೂ ಎಂದ. ಪಕ್ಕದಲ್ಲಿ ಮಲಗಿದ ಹೆಂಡತಿ "ಹಿಡಿದೆ, ಮಲಗಿ" ಎನ್ನುತ್ತಿದ್ದಳು.

ಒಂದು ದಿನ ಗೋಡೆಗೆ ನೀರು ಹಾಕಲು ಮೇಲೆ ಹೋದಾಗ ಅವನ ಕಣ್ಣಿಗೆ ಬಿದ್ದದ್ದು ಬೇರೆಯೇ. ಪೇರಿಸಿಟ್ಟ ಇಟ್ಟಿಗೆಗಳ ಅಂಚಿನಲ್ಲಿ ಏನೋ ಒಣಗಿ ಅಂಟಿತ್ತು. ಕೆಂಪಿನ ಮೇಲೆ ಕೆಂಪು, ಬೇರೆ ಯಾರಿಗೂ ಕಾಣದು. ಅವನು ಬೆರಳಿಂದ ಮುಟ್ಟಿ ನೋಡಿದ. ತಮ್ಮನ ಅಂಗೈ ಒಡೆದಿತ್ತು. ಇಟ್ಟಿಗೆ ತೇಲುವ ಗಳಿಗೆಯನ್ನು ಕಣ್ಣು ಹಿಡಿದಷ್ಟು ನಯವಾಗಿ ಕಿವಿ ಹಿಡಿಯಲಾರದು. ರೆಪ್ಪೆ ಬಡಿಯುವಷ್ಟು ಮುಂಚೆಯೇ ಕೈಯೊಡ್ಡಿ, ಹೂವು ಆಗುವುದಕ್ಕೆ ಮೊದಲೇ ಅವನು ಇಟ್ಟಿಗೆಯ ಗುದ್ದು ತಿನ್ನುತ್ತಿದ್ದ. ದಿನವಿಡೀ, ಒಂದಾದ ಮೇಲೆ ಒಂದು. ಬಾಯಿ ಬಿಟ್ಟಿರಲಿಲ್ಲ, ಕಂಬದ ಹತ್ತಿರ ಕೂಡ.

ಆ ರಕ್ತ ನೋಡಿದ ಮೇಲೆ ಕವಣೆಗೆ ಅನ್ನ ಸೇರಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು, ತಾಯಿ ಮಗುವಿಗೆ ಬಿಸಿ ಹಾಲು ಆರಿಸಿ ಕೊಡುವಂಥ ಉಪಾಯ. ಒಂದು ಚಿಟಿಕೆ ಕಡಿಮೆ ಮಾಡಿ ಎಸೆದರೆ? ಗುದ್ದು ಮೆತ್ತಗಾಗುತ್ತದೆ. ಎತ್ತರ ಚೂರು ಇಳಿದೀತು, ಒಂದು ಬೆರಳೋ ಎರಡು ಬೆರಳೋ. ಅಷ್ಟಕ್ಕೆ ಏನಾಗುತ್ತದೆ?

ಜೀವಮಾನವಿಡೀ ಅವನು ಒಂದೇ ಬಗೆಯಲ್ಲಿ ಎಸೆದವನು. ಒಂದೇ ಎತ್ತರ, ಒಂದೇ ಬಲ. ಮೆಲ್ಲಗೆ ಎಸೆಯುವುದು ಹೇಗೆಂದು ಅವನ ಕೈಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಇಟ್ಟಿಗೆ ಕೈಗೆತ್ತಿಕೊಂಡು ಅವನು ಮರಳಿನ ಕಡೆ ತಿರುಗಿದ. "ಏನಪ್ಪಾ ಮರಳು, ಇವತ್ತು ಸ್ವಲ್ಪ ಮೆಲ್ಲಗೆ ಬರತ್ತೆ, ಮೇಲಿನೋರು..." ಎಂದು ಹೇಳಲು ಬಾಯಿ ತೆರೆದಿದ್ದ. ಆದರೆ ಗುಡ್ಡೆಯ ಪಕ್ಕದಲ್ಲೇ ಮೇಸ್ತ್ರಿ ಜರಡಿ ಹಿಡಿಸುತ್ತ ನಿಂತಿದ್ದ. ಮೆಲ್ಲಗೆ ಯಾಕೆ ಎಂದು ಕೇಳುತ್ತಾನೆ. ಕೇಳಿದರೆ ಮೇಲೆ ನೋಡುತ್ತಾನೆ. ನೋಡಿದರೆ ತಿಳಿಯುತ್ತಾನೆ. ಕವಣೆ ತೆರೆದ ಬಾಯಿ ಮುಚ್ಚಿದ.

"ಹೂಂ."

ಇಟ್ಟಿಗೆ ಮೆಲ್ಲಗೆ ಹೊರಟಿತು. ಹೋಗುತ್ತಿರುವಾಗಲೇ ಅವನ ಭುಜಕ್ಕೆ ಗೊತ್ತಾಯಿತು. ಅದು ಒಂದೆರಡು ಬೆರಳಲ್ಲ, ಒಂದೂವರೆ ಮೊಳ ಕೆಳಗೇ ದಣಿದು ನಿಂತಿತು. ಎಲ್ಲ ಇಟ್ಟಿಗೆಗಳಂತೆ ಅದೂ ಅಲ್ಲಿ ಒಂದು ಗಳಿಗೆ ಹೂವಾಯಿತು, ಹಿಡಿಯುವವರಿಲ್ಲದೆ. ಮೇಲೆ ಎರಡು ಕೈ ಗಾಳಿಯಲ್ಲಿ ಮುಚ್ಚಿಕೊಂಡವು. ಹೂಂ ಕೇಳಿತ್ತು, ಇಟ್ಟಿಗೆ ಬಂದಿರಲಿಲ್ಲ. ಬಿರುಕಿನ ಇಟ್ಟಿಗೆಯ ದಿನ ಹಾಗಾದಾಗ ಸುಮ್ಮನೆ ನಿಂತಿದ್ದ ತಮ್ಮ, ಈ ಸಲ ತಾನೇ ತಪ್ಪಿದೆನೆಂದುಕೊಂಡನೋ ಏನೋ, ಅದನ್ನು ಹುಡುಕಿಕೊಂಡು ಮುಂದಕ್ಕೆ ಬಾಗಿದ. ಇಟ್ಟಿಗೆ ಹಿಡಿಯುವ ಕಡೆ ಸಾರುವೆಗೆ ಅಡ್ಡಗಂಬಿ ಇರುವುದಿಲ್ಲ, ಕೈಗೆ ಅಡ್ಡವಾಗುತ್ತದೆ ಎಂದು.

"ಲೋ!" ಎಂದು ಕವಣೆ ಕೂಗಿದ. ಇಷ್ಟು ವರ್ಷಗಳಲ್ಲಿ ತಮ್ಮನಿಗೆ ಅವನಾಡಿದ ಮೊದಲ ಮಾತು ಅದು. ತಮ್ಮ ಅದನ್ನು ಗಾಳಿಯಲ್ಲಿ ಕೇಳಿದ.

ಮರಳಿನ ಗುಡ್ಡೆ ಒಂದು ಮಾರು ಆಚೆಗಿತ್ತು. ಅವನು ಬಿದ್ದದ್ದು ಇಟ್ಟಿಗೆಯ ರಾಶಿಯ ಮೇಲೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಕವಣೆ ಗೋಡೆಗೊರಗಿ ಕೂತಿದ್ದ. ಬೆನ್ನುಮೂಳೆ ಮುರಿದಿದೆ, ಕಾಲಿಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದು ಡಾಕ್ಟರು ಹೇಳಿಹೋಗಿದ್ದರು. ಕಣ್ಣಿನ ನರ ಯಾವಾಗಲೋ ಒಣಗಿದೆ ಎಂದೂ ಹೇಳಿದರು. ಕಟ್ಟಡದ ಇಂಜಿನಿಯರಮ್ಮ ಬಂದು ಅವನ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಅವನು ಕೇಳಿದ: "ಒಂದು ಚಿಟಿಕೆ ಕಡಿಮೆ ಮಾಡಿದ್ದು ತಾಯೀ. ಒಂದೇ ಚಿಟಿಕೆ. ಅದು ಒಂದೂವರೆ ಮೊಳ ಇಳಿದುಬಿಡ್ತು. ಹೆಂಗೆ?"

"ಅರ್ಧ ವೇಗದಲ್ಲಿ ಎಸೆದರೆ ಅರ್ಧ ಎತ್ತರ ಹೋಗಲ್ಲ ಅಣ್ಣ, ಕಾಲು ಎತ್ತರ ಅಷ್ಟೇ ಹೋಗತ್ತೆ," ಎಂದಳು ಮೆತ್ತಗೆ. "ಎತ್ತರ ಹಾಗೇ. ಹತ್ತು ಪಾಲು ವೇಗದಲ್ಲಿ ಒಂದು ಪಾಲು ತೆಗೆದರೆ, ಎತ್ತರದಲ್ಲಿ ಹೆಚ್ಚುಕಮ್ಮಿ ಎರಡು ಪಾಲು ಹೋಗಿಬಿಡತ್ತೆ. ಕೈಗೆ ಸಣ್ಣದು ಅನ್ಸತ್ತೆ. ಮೇಲೆ ದೊಡ್ಡದಾಗತ್ತೆ."

"ದಿನಾ ನಿಮ್ಮ ಮುಂದೇನೇ ಎಸೀತಿದ್ದೆ," ಎಂದ ಕವಣೆ. "ನಾನೇ ಒಂದ್ಸಲ ಕೇಳಬಹುದಿತ್ತು." ಆಕೆ ಅವನ ಭುಜದ ಮೇಲೆ ಕೈಯಿಟ್ಟಳು. ಅವನು ಆ ಭುಜವನ್ನು ಹಿಂದಕ್ಕೆಳೆದುಕೊಂಡ, ಅದು ಯಾರೋ ಕಂಡವರದ್ದು ಎನ್ನುವ ಹಾಗೆ.

ತಮ್ಮನನ್ನು ಮನೆಗೆ ತಂದು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದರು. ಕವಣೆ ಮೂರು ಸಂಜೆ ಅವರ ಹೊಸ್ತಿಲವರೆಗೆ ಹೋಗಿ ವಾಪಸಾದ. ನಾಲ್ಕನೆಯ ಸಂಜೆ ತಮ್ಮನ ಹೆಂಡತಿ ಬಾಗಿಲಿಗೆ ಬಂದು, "ಒಳಗೆ ಬನ್ನಿ ಭಾವ. ಹೆಜ್ಜೆ ಸದ್ದು ಕೇಳಿ ಕೇಳಿ ಅವರಿಗೆ ಸಾಕಾಗಿದೆಯಂತೆ," ಎಂದಳು.

ಕವಣೆ ಮಂಚದ ಕಾಲಿನ ಹತ್ತಿರ ನಿಂತ. ಮೊದಲು ಮಾತಾಡಿದವನು ಗೂಡು, ಸೂರಿನ ಕಡೆ ಮುಖ ಮಾಡಿಕೊಂಡು.

"ಇಟ್ಟಿಗೆ ಯಾಕೆ ಮೆಲ್ಲಗೆ ಬಂತು?"

"ನಿನ್ನ ಕೈ ಒಡೆದಿತ್ತು," ಎಂದ ಕವಣೆ.

"ನನಗೆ ಕಾಣ್ತಿರಲಿಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಗೂಡು ಹೊದಿಕೆಯ ಅಂಚನ್ನು ಬೆರಳಿನಿಂದ ತಡವಿದ. ಆಮೇಲೆ ಕೇಳಿದ: "ಮರಳಿಗಾದರೂ ಒಂದು ಮಾತು ಹೇಳಬಾರದಿತ್ತೇನೋ ಅಣ್ಣಾ?"

ಕವಣೆ ಮಂಚದ ಅಂಚಿಗೆ ಕೂತ. ಹಿಂದೆ ಅಡುಗೆ ಮನೆಯಲ್ಲಿ ಯಾವುದೋ ಪಾತ್ರೆ ಬಿತ್ತು, ಯಾರೂ ಎತ್ತಲಿಲ್ಲ.

"ಹೇಳೋಕೆ ಹೋದೆ ಕಣೋ. ಮೇಸ್ತ್ರಿ ನಿಂತಿದ್ದ."

"ಅವನೊಬ್ಬ," ಎಂದ ಗೂಡು. ತುಟಿಯ ಮೂಲೆಯಲ್ಲಿ ನಗುವಿನಂಥದ್ದು ಬಂದುಹೋಯಿತು. "ಎರಡು ಸಲಾನೂ ಅವನೇ ಅಡ್ಡ ಬಂದ ನೋಡು."

"ಕಾಣದೇನೇ ಅಷ್ಟು ಇಟ್ಟಿಗೆ ಹೆಂಗೆ ಹಿಡಿದೆಯೋ?"

"ನಾನೆಲ್ಲಿ ಹಿಡಿದೆ? ನೀನು ತಂದು ಕೈಯಲ್ಲಿ ಇಡ್ತಿದ್ದೆ. ಅವತ್ತು ಊಟದ ಹೊತ್ತಲ್ಲಿ ನೀನಂದಿದ್ದು ನಿಜಾನೇ. ಕುರುಡನೂ ಹಿಡೀತಾನೆ."

ವಾದದಲ್ಲಿ ಕವಣೆ ಗೆದ್ದ. ಅಷ್ಟು ವರ್ಷ ಕಾದದ್ದು ಈ ಮಾತಿಗೇ. ಈಗ ಅದು ಸಿಕ್ಕಿತು. ಅದನ್ನು ತಮ್ಮನ ಬಾಯಿಗೆ ವಾಪಸು ತುರುಕುವುದಕ್ಕೆ ಅವನು ಎರಡು ಕೈ, ಎರಡು ಕಣ್ಣು, ಏನು ಕೇಳಿದರೂ ಕೊಡುತ್ತಿದ್ದ. "ಇಲ್ಲ ಕಣೋ, ಇಲ್ಲ," ಎಂದು ಅವನು ತಮ್ಮನ ಅಂಗೈ ಸವರುತ್ತ ಕೂತ. ಬಿರುಕುಗಳು ಆಗಲೇ ಮಾಯುತ್ತಿದ್ದವು, ಕೆಲಸವಿಲ್ಲದ ಕೈ.

ಅಂದಿನಿಂದ ಕವಣೆ ಸಂಜೆಗಳನ್ನೆಲ್ಲ ಅಲ್ಲೇ ಕಳೆದ. ಸುಳ್ಳು ಕಥೆ ಹೇಳುತ್ತಿದ್ದ, ಗುಬ್ಬಚ್ಚಿಯದ್ದು, ಗುಡುಗಿನದ್ದು. ಗೂಡು "ಆ ಇಟ್ಟಿಗೆ ಬಂದರೆ ನಾನೇ ಹಿಡೀಬೇಕಲ್ಲ" ಎನ್ನುತ್ತಿದ್ದ. ಒಂದು ಸಂಜೆ ಕವಣೆ ಕಿತ್ತಳೆ ಹಣ್ಣು ತಂದಿದ್ದ. ಬಾಗಿಲಲ್ಲಿ ನಿಂತವನಿಗೆ ಏನನ್ನಿಸಿತೋ, "ಹೂಂ" ಎಂದ. ಮಂಚದ ಮೇಲೆ ಎರಡು ಕೈ ಎದ್ದವು, ಎದೆಯ ಮುಂದೆ, ಒಂದು ಗೇಣಿನಾಚೆ. ಆ ಕೈ ನೋಡಿ ಕವಣೆಯ ಭುಜ ಸೋತಿತು. ಹಣ್ಣು ಅಷ್ಟು ದೂರ ಹೋಗಲಾರದೆ ಹೊದಿಕೆಯ ಮೇಲೆ ಬಿತ್ತು.

"ನೋಡು, ಮತ್ತೆ ಮೆಲ್ಲಗೆ," ಎಂದ ಗೂಡು. "ಹೆದರಬೇಡ್ವೋ ಅಣ್ಣಾ, ಜೋರಾಗಿ ಎಸಿ. ಇನ್ನು ಬೀಳೋಕೆ ಜಾಗ ಇಲ್ಲ."

ಕವಣೆ ಹಣ್ಣು ಎತ್ತಿಕೊಂಡು ಬಾಗಿಲಿಗೆ ಹೋದ. ಈ ಸಲ ಸರಿಯಾಗಿ ಎಸೆದ. ಕಿತ್ತಳೆ ಏರಿ, ದಣಿದು, ತೇಲಿ, ಹಾಗೇ ಮುಂದೆ ಹೋಗಿ ಅವನ ಅಂಗೈಯೊಳಗೆ ಕೂತಿತು. ಸದ್ದೇ ಆಗಲಿಲ್ಲ. ಗೂಡು ಅದನ್ನು ಮೂಸಿ ನೋಡಿ, "ಹಾಂ, ಇದು ನಿಂದು," ಎಂದ.

ಮಲಗಿಯೇ ಇದ್ದವರಿಗೆ ಎದೆಯಲ್ಲಿ ನೀರು ತುಂಬುತ್ತದೆ. ಸೆಖೆ ಮುಗಿಯುವುದರೊಳಗೆ ಗೂಡು ಹೋದ.

ಮೇಸ್ತ್ರಿ ಒಂದಷ್ಟು ದಿನ ಬಿಟ್ಟು ಮನೆಗೆ ಬಂದು ಕವಣೆಯನ್ನು ಕೆಲಸಕ್ಕೆ ಕರೆದೊಯ್ದ. ಮೇಲೆ ನಿಲ್ಲಲು ಹೊಸಬನೊಬ್ಬನನ್ನು ತಂದಿದ್ದ. ಹದ್ದಿನ ಕಣ್ಣು, ಕಬ್ಬಿಣದ ಕೈ, ಸೊಂಟಕ್ಕೆ ಹಗ್ಗ. "ಎಸಿಯಣ್ಣಾ, ನಾ ರೆಡಿ," ಎಂದು ಅವನು ಕೂಗಿದ. ಕವಣೆ ಇಟ್ಟಿಗೆ ಎತ್ತಿಕೊಂಡ. ಮೊಣಕಾಲು ಬಗ್ಗಿಸಿದ. "ಹೂಂ" ಎಂದ.

ಮೇಲೆ ಎರಡು ಕೈ ಗಾಳಿಯಲ್ಲಿ ಮುಚ್ಚಿಕೊಂಡವು.

"ಎಲ್ಲಣ್ಣಾ ಇಟ್ಟಿಗೆ?" ಎಂದ ಹೊಸಬ, ಕೆಳಗೆ ಬಗ್ಗಿ ನೋಡುತ್ತ.

"ಬಗ್ಗಬೇಡ!" ಎಂದು ಕವಣೆ ಅರಚಿದ. ಇಟ್ಟಿಗೆ ಅವನ ಕೈಯಲ್ಲೇ ಇತ್ತು. ಬೆರಳು ಬಿಡಿಸಿಕೊಂಡಿರಲಿಲ್ಲ.

ಅವನು ಟವೆಲನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡ. ಇಟ್ಟಿಗೆಗಳನ್ನು ಪೇರಿಸಿಕೊಂಡು ಏಣಿ ಹತ್ತಿದ, ಅಷ್ಟು ಕಾಲ ತಾನು ಗೇಲಿ ಮಾಡಿದ ಹೊರೆಯಾಳುಗಳ ಹಾಗೆ. ಈಗಲೂ ಹಾಗೇ ಹತ್ತುತ್ತಾನೆ. ಮೇಲೆ ಹೋಗಿ ಗಾರೆಯವನ ಕೈಗೆ ಒಂದೊಂದೇ ಇಟ್ಟಿಗೆ ಕೊಡುತ್ತಾನೆ. ಹಿಡಿದಾಯಿತು ಎಂದು ಅವನು ಎಷ್ಟು ಸಲ ಹೇಳಿದರೂ, ಅವನ ಬೆರಳುಗಳು ಪೂರ್ತಿ ಮುಚ್ಚಿಕೊಂಡದ್ದನ್ನು ನೋಡುವವರೆಗೆ ಕವಣೆ ತನ್ನ ಕೈ ಬಿಡುವುದಿಲ್ಲ.